ಹಿತ್ತಿಲು, ತಿಪ್ಪೆ, ನಾಯಿ

ಕನ್ನಡದಲ್ಲಿ ಹಸು ಎಮ್ಮೆಗಳದು ಸಗಣಿ. ಕುದುರೆ, ಕತ್ತೆ, ಆನೆಗಳದು ಲದ್ದಿ. ಆಡು ಕುರಿಗಳದು ಹಿಕ್ಕೆ. ಒಂದೊಂದಕ್ಕೂ ಒಂದೊಂದು ಹೆಸರುಂಟು. ನಾಲ್ಕು ಜನರ ನಡುವೆ ಸಂಕೋಚವಿಲ್ಲದೆ ಆಡಬಹುದಾದ ಹೆಸರು. ನಾಯಿಯದಕ್ಕೆ ಮಾತ್ರ ಹಾಗೆ ಬೇರೆ ಹೆಸರಿಲ್ಲ. ಅದಕ್ಕೂ ಮನುಷ್ಯನದಕ್ಕೂ ಒಂದೇ ಮಾತು. ಅದು ಬಾನುಲಿಯಲ್ಲಿ ಆಡುವ ಮಾತಲ್ಲ, ಈ ಪುಟದಲ್ಲಿ ಅಚ್ಚಾಗುವ ಮಾತೂ ಅಲ್ಲ.

ಇದು ಬರಿಯ ಶಬ್ದದ ಕೊರತೆಯಲ್ಲ. ಮನೆತನಕ್ಕೆ ಉಪಯೋಗವಾದ ವಸ್ತುವಿಗೆ ಜನ ಹೆಸರಿಟ್ಟರು. ಸಗಣಿ ನೆಲ ಸಾರಿಸಲು ಬಂತು, ಬೆರಣಿಯಾಯಿತು, ಗೊಬ್ಬರವಾಯಿತು. ಹಿಕ್ಕೆಯ ಆಸೆಗೆ ರೈತನು ಕುರಿಮಂದೆಯನ್ನು ರಾತ್ರಿ ತನ್ನ ಹೊಲದಲ್ಲಿ ನಿಲ್ಲಿಸಿಕೊಂಡು ಕುರುಬನಿಗೆ ಕಾಳು ಅಳೆದು ಕೊಟ್ಟನು. ನಾಯಿಯದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಆಗಬೇಕಾದದ್ದು ಇಲ್ಲದ ಕಡೆ ಹೆಸರೂ ಇಲ್ಲ, ಅದನ್ನು ನೋಡಿಕೊಳ್ಳುವ ಕೆಲಸವೂ ಇಲ್ಲ. ಆ ಕೆಲಸ ಈಗ ನಮ್ಮ ಹಿತ್ತಿಲಿಗೆ ಬಂದು ನಿಂತಿದೆ. ಅದು ಹೇಗೆ ಬಂತು, ನಡುವೆ ಯಾರ ಯಾರ ಕೈ ದಾಟಿ ಬಂತು ಎಂಬುದು ಒಂದು ಚರಿತ್ರೆ.

ಸಾಸಿವೆಯ ಹೆಸರನ್ನು ಹೊತ್ತ ಸಾಸ್ವೆಹಳ್ಳಿಯನ್ನೇ ತೆಗೆದುಕೊಳ್ಳೋಣ. ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರ, ತುಂಗಭದ್ರೆಯ ಸೀಮೆ. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ, ಚನ್ನಗಿರಿಗಳು 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿದವು. ಅದೇ ಹೊನ್ನಾಳಿಯ ಮಗ್ಗುಲಿನಿಂದ ಮುಂದೆ ನ್ಯಾಮತಿ ಬೇರೆ ತಾಲ್ಲೂಕಾಗಿ ಹೊರಟಿತು. ಭದ್ರಾ ನಾಲೆಯ ನೀರು ಈ ಸೀಮೆಗೆ ಹರಿದ ಮೇಲೆ ಬಹಳಷ್ಟು ಕಡೆ ಜೋಳ ರಾಗಿಗಳ ಜಾಗದಲ್ಲಿ ಭತ್ತ, ಅಡಿಕೆ ಬಂದವು. ಬೆಳೆಯ ಜೊತೆಗೆ ಮನೆಯೂ ಬದಲಾಯಿತು. ಹಳೆಯ ಮನೆಗೆ ಮುಂದೆ ಜಗಲಿ, ಒಳಗೆ ದನದ ಕೊಟ್ಟಿಗೆ, ಹಿಂದೆ ಹಿತ್ತಿಲು. ಹಿತ್ತಿಲಿಗೆ ಬೇಲಿ, ಬೇಲಿಯಲ್ಲಿ ಕಂಡಿ, ಕಂಡಿಯಾಚೆ ತಿಪ್ಪೆ, ತಿಪ್ಪೆಯಾಚೆ ಹೊಲ. ನಾಯಿಗೆ ಆ ಕಂಡಿಯೇ ಹೆಬ್ಬಾಗಿಲು. ಬೆಳಗಿನ ಜಾವ ಎದ್ದು ತನ್ನ ಕೆಲಸಕ್ಕೆ ಹೊಲದ ಬದುವಿಗೆ ಹೋಗಿ ಬರುತ್ತಿತ್ತು. ಉಳಿದದ್ದನ್ನು ಬಿಸಿಲು ಒಣಗಿಸಿತು, ಸಗಣಿಹುಳು ಉರುಳಿಸಿತು, ಹಂದಿಯೂ ತನ್ನ ಪಾಲನ್ನು ನೋಡಿಕೊಂಡಿತು. ಮನೆಯೊಡತಿ ಅದರ ಬಗ್ಗೆ ಯೋಚಿಸಬೇಕಾದ ದಿನವೇ ಬರಲಿಲ್ಲ.

ಈಗ ಬೇಲಿಯ ಜಾಗದಲ್ಲಿ ಆಳೆತ್ತರದ ಇಟ್ಟಿಗೆ ಗೋಡೆ. ಕೊಟ್ಟಿಗೆ ಹೋಗಿ ಕಾರು ನಿಲ್ಲುವ ಚಪ್ಪರ ಬಂದಿದೆ. ಹಿತ್ತಿಲು ಮೂವತ್ತು ಅಡಿ, ಇಪ್ಪತ್ತು ಅಡಿ. ಅದರಲ್ಲಿ ಅರ್ಧ ಸಿಮೆಂಟು, ಉಳಿದರ್ಧದಲ್ಲಿ ಒಂದು ತೆಂಗು, ನುಗ್ಗೆ, ಕರಿಬೇವು, ಎರಡು ಮಡಿ ಕೊತ್ತಂಬರಿ. ಕಾವಲಿಗೆಂದು ತಂದ ನಾಯಿ ಗೋಡೆಯೊಳಗೇ ಉಣ್ಣುತ್ತದೆ, ಗೋಡೆಯೊಳಗೇ ಉಳಿದದ್ದನ್ನೂ ಮಾಡುತ್ತದೆ. ಮಧ್ಯಮ ಗಾತ್ರದ ನಾಯಿ ದಿನಕ್ಕೆ ಸುಮಾರು 300 ಗ್ರಾಂ ಹೊರಹಾಕುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ಒಂದು ಕ್ವಿಂಟಲಿಗೂ ಮೇಲಾಯಿತು. ಒಂದು ಕ್ವಿಂಟಲ್ ಭತ್ತವನ್ನು ಎಲ್ಲಿಡುವುದೆಂದು ಮನೆಯವರೆಲ್ಲ ಸೇರಿ ಆಲೋಚಿಸುತ್ತೇವೆ. ಇದನ್ನು ಎಲ್ಲಿಡುವುದೆಂದು ಆಲೋಚಿಸಿದವರು ವಿರಳ.

ಹೊಲಸಿಗೆ ನಮ್ಮ ಹಿರಿಯರು ಮಾಡಿದ ವ್ಯವಸ್ಥೆಯ ಹೆಸರೇ ತಿಪ್ಪೆ. ಈ ಸೀಮೆಯಲ್ಲಿ ಅದಕ್ಕೆ ಇದ್ದ ಗೌರವವನ್ನು ತಿಳಿಯಲು ಶಾಲೆಯ ಹಾಜರಿ ಪುಸ್ತಕ ತೆಗೆದರೆ ಸಾಕು: ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪೇಶ, ತಿಪ್ಪಮ್ಮ. ಜಗಳೂರಿನಿಂದ ಬಹು ದೂರವಲ್ಲದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಮನೆಮನೆಗೂ ಹರಡಿದ್ದು ಒಂದು ಕಾರಣ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಬೇಡವಾದ ವಸ್ತುವೆಂದು ಸಾವಿನ ಕಣ್ಣಿಗೆ ತೋರಿಸಿ, ತಿಪ್ಪ ಎಂದು ಕರೆದು ಎತ್ತಿಕೊಳ್ಳುವ ಸಂಪ್ರದಾಯ ಇನ್ನೊಂದು ಕಾರಣ. ದೀಪಾವಳಿಯಲ್ಲಿ ದೇವರ ಮುಂದೆ, ಕೊಟ್ಟಿಗೆಯಲ್ಲಿ, ಬಾವಿಯ ಕಟ್ಟೆಯ ಮೇಲೆ ಇಟ್ಟ ಹಾಗೆ ತಿಪ್ಪೆಯ ಮೇಲೂ ಒಂದು ದೀಪ ಇಡುವ ಹಳ್ಳಿಗಳುಂಟು. ಬೇಡದ್ದೆಲ್ಲ ಹೋಗಿ ಬೇಕಾದದ್ದಾಗಿ ತಿರುಗಿ ಬರುವ ಸ್ಥಳ ಅದು. ಆದರೆ ಈ ತಿಪ್ಪೆ ದನದ ತಿಪ್ಪೆ. ಕೊಟ್ಟಿಗೆಯ ಕಸ, ಒಲೆಯ ಬೂದಿ, ದನ ತಿಂದು ಬಿಟ್ಟ ಮೇವು ಅದಕ್ಕೆ ಸಲ್ಲುತ್ತಿದ್ದವು. ನಾಯಿಯದನ್ನು ಯಾರೂ ಹೊತ್ತು ತಂದು ಅದಕ್ಕೆ ಹಾಕಲಿಲ್ಲ.

ನಾಯಿಯನ್ನು ಕಂಡರೆ ಆಗದು ಎಂದಲ್ಲ. ತುಂಗಭದ್ರೆಯ ದಂಡೆಯುದ್ದಕ್ಕೂ ಮೈಲಾರಲಿಂಗನ ಒಕ್ಕಲು ಹಬ್ಬಿದೆ. ಆ ದೇವರ ಗೊರವರು ಕಂಬಳಿಯ ಅಂಗಿ ತೊಟ್ಟು, ಡಮರುಗ ಹಿಡಿದು, ತಾವು ಸ್ವಾಮಿಯ ನಾಯಿಗಳೆಂದು ಬೊಗಳುತ್ತ, ಮರದ ದೋಣಿಯಲ್ಲಿ ಹಾಕಿದ್ದನ್ನು ಬಾಯಿಯಿಂದಲೇ ತಿನ್ನುವ ಸೇವೆ ಮಾಡುತ್ತಾರೆ. ಇನ್ನೂ ಹಿಂದೆ ಹೋದರೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಸಿಗುತ್ತದೆ. ಶಕ 872, ಎಂದರೆ ಕ್ರಿ.ಶ. 949-50ರ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರನ್ನು ತಕ್ಕೋಲದಲ್ಲಿ ಗೆದ್ದ ಕಾಲ. ಗಂಗರ ಬೂತುಗನು ತನ್ನ ವೀರ ಮಣಲರತನಿಗೆ, ಬೇಕಾದ್ದನ್ನು ಕೇಳು ಎಂದನಂತೆ. ಊರು ಕೇರಿ ಕೇಳಬಹುದಾಗಿದ್ದ ಆ ವೀರ ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂಬ ಶಾಪವೂ ಕೆತ್ತಿತು. ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬದುಕಿದ್ದಾಗ ಕಾಳಿಯ ಕೊಟ್ಟಿಗೆಯನ್ನು ಗುಡಿಸಿದವನ ಹೆಸರು ಮಾತ್ರ ಯಾವ ಕಲ್ಲಿನಲ್ಲೂ ಇಲ್ಲ.

ಹಳೆಯ ರಾಜನೀತಿಯೂ ಈ ವಿಷಯದಲ್ಲಿ ಮೌನ. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ ನಗರದ ನೈರ್ಮಲ್ಯಕ್ಕೆ ದಂಡಗಳ ಪಟ್ಟಿಯನ್ನೇ ಕೊಡುತ್ತದೆ. ಬೀದಿಯಲ್ಲಿ ಕಸ ಎಸೆದವನಿಗೆ ಪಣದ ಎಂಟನೆಯ ಒಂದು ಪಾಲು; ನಾಯಿ, ಬೆಕ್ಕು, ಮುಂಗುಸಿ, ಹಾವುಗಳ ಹೆಣವನ್ನು ಊರೊಳಗೆ ಎಸೆದವನಿಗೆ ಮೂರು ಪಣ; ತೀರ್ಥಸ್ಥಾನ, ದೇವಾಲಯ, ಅರಮನೆಗಳ ಬಳಿ ಮಲಮೂತ್ರ ಮಾಡಿದ ಮನುಷ್ಯನಿಗೆ ಏರಿಕೆಯ ದಂಡ. ಸತ್ತ ನಾಯಿಗೆ ಮೂರು ಪಣ ಕಟ್ಟಿದ ಗ್ರಂಥಕಾರನಿಗೆ ಬದುಕಿರುವ ನಾಯಿ ಬೀದಿಯಲ್ಲಿ ಬಿಟ್ಟುಹೋದದ್ದು ಕಣ್ಣಿಗೆ ಬಿದ್ದಂತಿಲ್ಲ. ಬಹುಶಃ ಆಗಲೂ ಹಂದಿ ಮತ್ತು ಬಿಸಿಲು ತಮ್ಮ ಕೆಲಸ ಮಾಡುತ್ತಿದ್ದವು.

ಲೋಕದಲ್ಲಿ ಎಲ್ಲಿಯೂ ಇದಕ್ಕೆ ಬೆಲೆ ಇರಲಿಲ್ಲವೆ? ಇತ್ತು. ಸ್ವಾರಸ್ಯವೆಂದರೆ ಬೆಲೆ ಬಂದ ಕಡೆ ಅದಕ್ಕೆ ಹೆಸರೂ ಬಂತು. 1850ರ ಸುಮಾರಿಗೆ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬಡವರ ಕಸಬುಗಳನ್ನು ಬೀದಿ ಬೀದಿ ತಿರುಗಿ ಬರೆದಿಟ್ಟನು. ಅದರಲ್ಲಿ ನಾಯಿಯ ಹೊಲಸನ್ನು ಆಯ್ದು ಬುಟ್ಟಿ ತುಂಬುವವರದೂ ಒಂದು ಕಸಬು. ಇನ್ನೂರು ಇನ್ನೂರೈವತ್ತು ಜನ ಅದರಿಂದ ಹೊಟ್ಟೆ ಹೊರೆಯುತ್ತಿದ್ದರೆಂದು ಅವನ ಎಣಿಕೆ. ಆ ವಸ್ತುವಿನ ಹೆಸರು 'ಪ್ಯೂರ್', ಅಂದರೆ ಶುದ್ಧ! ಒಂದು ಬಕೀಟಿಗೆ ಎಂಟು ಹತ್ತು ಪೆನ್ಸಿನಿಂದ ಒಂದು ಷಿಲಿಂಗಿನ ಮೇಲೂ ಬೆಲೆ. ಸುಣ್ಣದಂತೆ ಬೆಳ್ಳಗೆ ಒಣಗಿದ್ದಕ್ಕೆ ಹೆಚ್ಚು. ಕೊಳ್ಳುವವರು ಬರ್ಮಂಡ್ಸಿಯ ಚರ್ಮ ಹದಮಾಡುವ ಅಂಗಳದವರು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಆಡಿನ ಚರ್ಮ, ಕರುವಿನ ಚರ್ಮ ಬಿರುಸಾಗಿರುತ್ತದೆ. ಅದನ್ನು ಈ ವಸ್ತು ಕದಡಿದ ಬೆಚ್ಚನೆಯ ನೀರಿನಲ್ಲಿ ಅದ್ದಿದರೆ ರೇಷ್ಮೆಯಂತೆ ಮೆತ್ತಗಾಗುತ್ತಿತ್ತು. ಸೀಮೆಯ ದೊರೆಸಾನಿಯರ ಕೈಚೀಲ, ಪುಸ್ತಕಗಳ ಅಂದವಾದ ರಟ್ಟು ಈ ಅಭಿಷೇಕವಾದವೇ. ಏಕೆ ಮೆತ್ತಗಾಗುತ್ತದೆ ಎಂಬುದು ಮಾತ್ರ ಬಹಳ ಕಾಲ ತಿಳಿಯಲಿಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಟೋ ರೋಮ್, ಆ ಶಕ್ತಿ ಆಹಾರ ಕರಗಿಸುವ ಕಿಣ್ವಗಳದು ಎಂದು ಊಹಿಸಿ, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದಲೇ ಆ ಕಿಣ್ವವನ್ನು ತೆಗೆದು, 1907ರಲ್ಲಿ ಆಟೋ ಹಾಸ್ ಎಂಬವನ ಪಾಲುದಾರಿಕೆಯಲ್ಲಿ ಕಂಪನಿ ತೆರೆದನು. ಕೆಲವೇ ವರ್ಷಗಳಲ್ಲಿ ಬುಟ್ಟಿ ಹಿಡಿದು ತಿರುಗುವವರ ಕಸಬು ಮುಗಿಯಿತು. ನಮ್ಮ ಕಡೆ ಸುಣ್ಣ ಮತ್ತು ತಂಗಡಿ ತೊಗಟೆಯಲ್ಲಿ ಚರ್ಮ ಹದಮಾಡಿದವರ ಬಾಳೂ ಆಯ್ದು ತಿನ್ನುವ ಲಂಡನ್ನಿನವರ ಬಾಳಿಗಿಂತ ಮೇಲಾಗಿರಲಿಲ್ಲ. ಆದರೆ ಲಂಡನ್ನಿನವನ ಮಗ ಬೇರೆ ಕಸಬು ಹಿಡಿಯಬಹುದಾಗಿತ್ತು. ಇಲ್ಲಿ ಕಸಬೇ ಜಾತಿಯಾಗಿತ್ತು.

ನಮ್ಮ ಪಟ್ಟಣಗಳಲ್ಲಿ ನಡೆದದ್ದನ್ನು ಹೇಳಲು ಇದೇ ದಾರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕೆಂಬ ಆತುರದಲ್ಲಿ, ಆಗತಾನೆ ಗೆರೆ ಎಳೆದಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ಗಾಳಿ ಬೆಳಕಿನ ನಿವೇಶನ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರಿದಾದ ಗಲ್ಲಿ. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಎಂದು ಹೆಸರು. ಮನೆಯ ಹಿಂಬಾಗಿಲಿನಿಂದ ಮಲದ ಬಕೀಟು ಹೊರಗೆ ಹೋಗುವ ದಾರಿ ಅದು. ಮುಂಬಾಗಿಲಿನಲ್ಲಿ ರಂಗೋಲಿ ಹಾಕುವವರಿಗೆ ಹಿಂಬಾಗಿಲಿಗೆ ಬರುವವರ ಮುಖ ಕಾಣಬಾರದು ಎಂಬಂತೆ ಎಳೆದ ನಕ್ಷೆ. ಈ ಪದ್ಧತಿ ಪುರಸಭೆಗಳಿದ್ದ ಊರೂರಿಗೂ ಹೋಯಿತು; ಕೆಲವು ಕಡೆ ಪೂರ್ತಿಯಾಗಿ, ಹಲವು ಕಡೆ ಬಕೀಟಷ್ಟೇ. ಹಿತ್ತಿಲಲ್ಲಿ ನಾಯಿ ಮಾಡಿದ್ದೂ ಅದೇ ಬಕೀಟಿಗೆ ಸೇರಿತು. ಕೇಳುವ ಹಾಗೇನೂ ಇರಲಿಲ್ಲ; ಬಂದವಳಿಗೆ, ಅದನ್ನೂ ತೆಗೆದುಬಿಡು ಎಂದರೆ ಮುಗಿಯಿತು. ಇಬ್ಬರ ಹೊಲಸಿಗೂ ಒಂದೇ ಮಾತು ಇದ್ದದ್ದು ಇಲ್ಲಿ ಅನುಕೂಲವಾಯಿತು ಎನ್ನಬೇಕು.

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಿದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ಯಾವ ಸಮಿತಿಯ ವರದಿಗೂ ಕಾಯದೆ, ಇದು ಮನುಷ್ಯ ಮಾಡುವ ಕೆಲಸವಲ್ಲ ಎಂಬ ಒಂದೇ ನಿಲುವಿನಿಂದ ಅವರು ಹೊರಟರು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬರಲು 1993ರವರೆಗೆ ಕಾಯಬೇಕಾಯಿತು. ಅದೂ ಸಾಲದೆ 2013ರಲ್ಲಿ ಇನ್ನೊಂದು ಬಂತು. ನಡುವೆ 2010ರಲ್ಲಿ, ನಮ್ಮ ನೆರೆಯ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ನೆಲೆಯಿಂದ ತಮ್ಮನ್ನು ಎಬ್ಬಿಸುತ್ತಾರೆಂಬ ಸಂಕಟಕ್ಕೆ ಭಂಗಿ ಕುಟುಂಬದವರು ಪುರಸಭೆಯ ಕಚೇರಿಯ ಎದುರಿಗೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಆಜ್ಞೆ ಹೊರಟು ಸುಮಾರು ನಾಲ್ಕು ದಶಕಗಳಾದ ಮೇಲಿನ ಸಂಗತಿ ಇದು. ಹಿತ್ತಿಲಿನ ನಾಯಿಯ ವಿಷಯಕ್ಕೆ ಇಷ್ಟು ದೊಡ್ಡ ಮಾತು ಬೇಕೆ ಎಂದು ಕೇಳಬಹುದು. ಗಾರೆಗಚ್ಚಿನ ಕೆಲಸಕ್ಕೆ ಬಂದ ಆಳಿಗೆ, ಪಾತ್ರೆ ತೊಳೆಯಲು ಬಂದ ಹೆಣ್ಣುಮಗಳಿಗೆ, ಹೋಗುವಾಗ ನಾಯಿಯದನ್ನೂ ಸ್ವಲ್ಪ ತೆಗೆದುಬಿಡು ಎಂಬ ಮಾತು ಇಂದಿಗೂ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ಆ ಸಲೀಸು ಎಲ್ಲಿಂದ ಬಂತೆಂಬುದನ್ನು ನೆನೆದರೆ ದೊಡ್ಡ ಮಾತು ಬೇಕು ಎನಿಸುತ್ತದೆ.

ಬಕೀಟು ಊರ ಹೊರಗೆ ಹೋದ ಮೇಲೆ ಏನಾಗುತ್ತಿತ್ತು? ಬಹಳ ಊರುಗಳಲ್ಲಿ ಬಯಲಿನಲ್ಲಿ ಸುರಿಯುತ್ತಿದ್ದರು, ಅಷ್ಟೆ. ಇದನ್ನು ವಿದ್ಯೆಯ ವಿಷಯವೆಂದು ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಪಾಲು ದೊಡ್ಡದು. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದಲ್ಲಿ ಪಳಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದರು. ಹೊಲಸೆಂದು ಎಸೆದುದರ ಜೊತೆಗೆ ಹೊಲಕ್ಕೆ ಸಲ್ಲಬೇಕಾದ ಸಾರಜನಕವೂ ಹೋಗಿಬಿಡುತ್ತದೆ ಎಂಬುದು ಅವರ ಬಾಳಿನುದ್ದದ ಚಿಂತೆ. ಅತ್ತ ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಅವರು ಕಸಕಡ್ಡಿ, ಸಗಣಿಗಳನ್ನು ಪದರ ಪದರವಾಗಿ ಒಟ್ಟಿ, ನಡುನಡುವೆ ತಿರುವಿಹಾಕಿ ಗೊಬ್ಬರ ಮಾಡುವ ಕ್ರಮವನ್ನು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆದರೆ ತಿರುವಿಹಾಕುವುದೆಂದರೆ ಯಾರಾದರೂ ಅದನ್ನು ಮತ್ತೆ ಮತ್ತೆ ಮುಟ್ಟಬೇಕು. ಸಗಣಿಯಾದರೆ ಸರಿ, ಪಟ್ಟಣದ ಮಲವಾದರೆ?

1939ರ ಸುಮಾರಿಗೆ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಅವರು ಕೊಟ್ಟ ಉತ್ತರಕ್ಕೆ ಲೋಕವೆಲ್ಲ 'ಬೆಂಗಳೂರು ವಿಧಾನ' ಎಂದೇ ಹೆಸರಿಟ್ಟಿದೆ. ಮೂರು ಅಡಿ ಆಳ, ಐದರಿಂದ ಎಂಟು ಅಡಿ ಅಗಲ, ಊರಿನ ಗಾತ್ರಕ್ಕೆ ತಕ್ಕ ಉದ್ದದ ಕಂದಕ. ತಳದಲ್ಲಿ ಅರ್ಧ ಅಡಿ ಬೀದಿಯ ಕಸ; ಅದರ ಮೇಲೆ ಎರಡು ಅಂಗುಲ ಮಲ; ಮತ್ತೆ ಅರ್ಧ ಅಡಿ ಕಸ. ಹೀಗೆ ನೆಲಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಬರುವವರೆಗೆ ಒಟ್ಟಿ, ಕೊನೆಯಲ್ಲಿ ಕಸದ ದಪ್ಪ ಪದರ ಹಾಸಿ, ಅಗೆದ ಮಣ್ಣಿನಿಂದ ಮುಚ್ಚಿಬಿಡುವುದು. ಅಲ್ಲಿಂದ ಮುಂದೆ ಯಾರೂ ಮುಟ್ಟಬೇಕಾಗಿಲ್ಲ. ಒಂದು ವಾರದೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ಕೆಲಸಕ್ಕೆ ತೊಡಗಿ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಎರಡು ಮೂರು ವಾರ ಹಾಗೇ ನಿಲ್ಲುತ್ತದೆ. ಕೈ ಇಟ್ಟರೆ ಸುಡುವಷ್ಟು ಬಿಸಿ. ಕಾಯಿಲೆ ತರುವ ಜೀವಾಣು, ಹುಳುವಿನ ತತ್ತಿ ಆ ಬೇಗೆಯಲ್ಲಿ ಸಾಯುತ್ತವೆ. ನಾಲ್ಕರಿಂದ ಆರು ತಿಂಗಳಲ್ಲಿ ಅಗೆದರೆ ವಾಸನೆಯಿಲ್ಲದ ಕಪ್ಪು ಗೊಬ್ಬರ. ಮೂರು ಅಡಿಗಿಂತ ಆಳ ಹೋಗಬಾರದು, ಹೋದರೆ ಕೊಳೆಯುವುದು ನಿಧಾನವಾಗುತ್ತದೆ. ಊರಿನಿಂದ ಅರ್ಧ ಮೈಲಿಯಾದರೂ ದೂರವಿರಬೇಕು, ಇಲ್ಲವಾದರೆ ನೊಣ ಬರುತ್ತದೆ. ಇವು ಅದರ ನಿಯಮಗಳು.

ಹೊಲಸಿಗೆ ಹೆಸರಿಲ್ಲದಿದ್ದ ಭಾಷೆಗೆ ಕಾಂಪೋಸ್ಟ್ ಎಂಬ ಹೆಸರು ಬಂದದ್ದು ಈ ಕಾಲದಲ್ಲಿ. ನಮ್ಮ ರೈತರು ಅದನ್ನು 'ಕಾಂಪೋಸ್ಟು ಗುಂಡಿ' ಎಂದು ಮಾಡಿಕೊಂಡು ತಿಪ್ಪೆಯ ಪಕ್ಕದಲ್ಲೇ ಇಟ್ಟುಕೊಂಡರು.

ಹಾಗಾದರೆ ಹಿತ್ತಿಲಲ್ಲಿ ಒಂದು ಸಣ್ಣ ಬೆಂಗಳೂರು ಗುಂಡಿ ತೋಡಿ ನಾಯಿಯದನ್ನು ಹಾಕಿದರೆ ಆಗಲಿಲ್ಲವೆ? ಇಲ್ಲಿ ಚರಿತ್ರೆಯ ಇನ್ನೊಂದು ವರ್ಷವನ್ನು ನೆನೆಯಬೇಕು. 1952ರವರೆಗೆ ನಾಯಿಯ ಹೊಲಸು ಅಸಹ್ಯದ ವಸ್ತು, ಅಷ್ಟೆ. ಆ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಪಾಲ್ ಬೀವರ್ ಮತ್ತು ಅವರ ಸಂಗಡಿಗರು, ಈಲಿ ಊದಿಕೊಂಡು ಜ್ವರ ಬರುತ್ತಿದ್ದ ಚಿಕ್ಕ ಮಕ್ಕಳ ಒಡಲಲ್ಲಿ ಅಲೆಯುತ್ತಿದ್ದ ಮರಿಹುಳು ನಾಯಿಯ ಕರುಳಿನ ದುಂಡುಹುಳುವಿನದೇ ಎಂದು ತೋರಿಸಿದರು. ಟಾಕ್ಸೊಕಾರ ಎಂದು ಅದರ ಶಾಸ್ತ್ರೀಯ ಹೆಸರು. ನಾಯಿಯಲ್ಲಿ ಅದು ಕರುಳಿನಲ್ಲಿ ನೆಲೆ ನಿಲ್ಲುತ್ತದೆ. ಮಗುವಿನಲ್ಲಿ ದಾರಿ ತಪ್ಪಿ ಈಲಿ, ಶ್ವಾಸಕೋಶ, ಕೆಲವೊಮ್ಮೆ ಕಣ್ಣನ್ನೂ ಹೊಕ್ಕು ದೃಷ್ಟಿಯನ್ನೇ ಕೆಡಿಸುತ್ತದೆ. ತಾಯಿನಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ಹುಳು ಹತ್ತುತ್ತದಾದ್ದರಿಂದ ಮುದ್ದಾದ ಮರಿಯೇ ಹೆಚ್ಚು ಅಪಾಯಕಾರಿ. ಇದಲ್ಲದೆ ಕೊಕ್ಕೆಹುಳು ಬೇರೆ. ಮನುಷ್ಯನ ಕೊಕ್ಕೆಹುಳುವಿನ ಮೇಲೆ ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಿಂದಲೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಯುದ್ಧ ಹೂಡಿತ್ತು. ನಾಯಿಯ ಕೊಕ್ಕೆಹುಳುವಿನ ಮರಿಯೂ ತೇವದ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಹೊಕ್ಕು ಕೆಂಪು ಗೆರೆಯಂತೆ ತೆವಳುತ್ತದೆ.

ಬೆಂಗಳೂರು ಕಂದಕದ ಬೇಗೆ ಈ ತತ್ತಿಗಳನ್ನು ಕೊಲ್ಲುತ್ತದೆ, ನಿಜ. ಆದರೆ ಬೇಗೆ ಹುಟ್ಟುವುದು ರಾಶಿಯ ಗಾತ್ರದಿಂದ. ಮೂರು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರವಾದರೂ ರಾಶಿ ಒಮ್ಮೆಗೇ ಕೂಡಬೇಕು. ದಿನಕ್ಕೆ ಮುನ್ನೂರು ಗ್ರಾಮಿನಂತೆ ಹಾಕುವ ಗುಂಡಿ ಬೆಚ್ಚಗೂ ಆಗುವುದಿಲ್ಲ. ಅಲಾಸ್ಕದ ಫೇರ್‌ಬ್ಯಾಂಕ್ಸ್ ಸೀಮೆಯಲ್ಲಿ, ಹಿಮದ ಮೇಲೆ ಜಾರುಗಾಡಿ ಎಳೆಯುವ ನಾಯಿಗಳನ್ನು ಹಟ್ಟಿ ಹಟ್ಟಿಯಾಗಿ ಸಾಕುವವರು 1991ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಎರಡು ಪಾಲು ಹೊಲಸಿಗೆ ಒಂದು ಪಾಲು ಮರದ ಹೊಟ್ಟು ಬೆರೆಸಿ ರಾಶಿ ಹಾಕಿ ಬಿಸಿಯೇರಿಸಿದರು. ಹತ್ತಾರು ನಾಯಿಗಳಿದ್ದ ಅವರಿಗೆ ರಾಶಿ ಕೂಡಿತು. ಆದರೂ ಆ ಗೊಬ್ಬರವನ್ನು ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಹಾಕಬೇಡಿ ಎಂದೇ ಅಲ್ಲಿಯ ಇಲಾಖೆಯವರು ಹೇಳಿದರು. ನಮ್ಮ ಒಂಟಿ ನಾಯಿಯ ಹಿತ್ತಿಲಿಗೆ ಆ ಮಾತು ಇನ್ನೂ ಬಲವಾಗಿ ಸಲ್ಲುತ್ತದೆ. ಕೊತ್ತಂಬರಿ ಮಡಿಗೆ ಅದು ಬೇಡವೇ ಬೇಡ. ತಿಪ್ಪೆಗೂ ಬೇಡ; ತಿಪ್ಪೆಯ ಗೊಬ್ಬರ ನಾಳೆ ಯಾವ ಮಡಿಗೆ ಹೋಗುತ್ತದೆಂದು ಹೇಳಲಾಗದು.

ಬೇಗೆ ಇಲ್ಲದ ಕಡೆ ನಮಗೆ ಉಳಿದಿರುವ ಸಾಧನ ಎರಡು: ಚುರುಕು ಮತ್ತು ಕಾಲ. ಚುರುಕು ಏಕೆಂದರೆ, ಅಂದು ಬಿದ್ದ ಹೊಲಸಿನಲ್ಲಿರುವ ದುಂಡುಹುಳುವಿನ ತತ್ತಿ ಅಂದೇ ಯಾರಿಗೂ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಅದು ವಿಷ. ಕೊಕ್ಕೆಹುಳುವಿಗೆ ಒಂದು ವಾರವೇ ಸಾಕು. ಆದ್ದರಿಂದ ಇಂದಿನದನ್ನು ಇಂದೇ ಎತ್ತಿದರೆ ಅಪಾಯದ ಬಹುಪಾಲು ಎತ್ತಿಹಾಕಿದಂತೆ. ಮಳೆಗೆ ಕದಡಿ ಮಣ್ಣಿನಲ್ಲಿ ಬೆರೆಯಲು ಬಿಟ್ಟರೆ ತತ್ತಿಗಳು ವರ್ಷಗಟ್ಟಲೆ ಕಾದಿರುತ್ತವೆ. ಆಮೇಲೆ ಎತ್ತಲು ಏನೂ ಕಾಣುವುದಿಲ್ಲ. ನ್ಯೂಯಾರ್ಕ್ ನಗರ 1978ರ ಆಗಸ್ಟಿನಿಂದ ನಾಯಿಯ ಒಡೆಯನೇ ಬೀದಿಯಲ್ಲಿ ಬಗ್ಗಿ ಎತ್ತಬೇಕೆಂದು ಕಾನೂನು ಮಾಡಿದಾಗ ನಕ್ಕವರೇ ಹೆಚ್ಚು. ಅಲ್ಲಿನ ಶ್ರೀಮಂತರೂ ಬಗ್ಗಿದರು. ನಗು ಹೋಯಿತು, ಕಾನೂನು ಉಳಿಯಿತು.

ಕಾಲಕ್ಕೆ ಬೇಕಾದದ್ದು ಎರಡು ಗುಂಡಿ. ಬಾವಿ, ಕೊಳವೆಬಾವಿಗಳಿಂದ ಐವತ್ತು ಅಡಿಯಾದರೂ ದೂರ, ತೆಂಗಿನ ಬುಡದಿಂದ ಒಂದೆರಡು ಮಾರು ಆಚೆ. ನಾಲೆಯ ನೀರು ಹರಿಯುವ ಕಡೆ ನೆಲದಡಿಯ ನೀರು ಮೇಲಕ್ಕೆ ಬಂದಿರುತ್ತದೆ. ಹೊನ್ನಾಳಿ, ಚನ್ನಗಿರಿ ಕಡೆಯ ಅಂಥ ನೆಲದಲ್ಲಿ ಎರಡು ಅಡಿಗಿಂತ ಆಳ ಅಗೆಯದಿರುವುದು ಲೇಸು. ಜಗಳೂರಿನ ಒಣ ನೆಲದಲ್ಲಿ ಮೂರು ಅಡಿ ಹೋದರೂ ಅಡ್ಡಿಯಿಲ್ಲ. ಮಳೆಯ ನೀರು ಒಳಗೆ ಹರಿಯದಂತೆ ಸುತ್ತ ಒಂದು ಗೇಣು ಏರಿ, ಮೇಲೆ ಕಲ್ಲುಚಪ್ಪಡಿಯೋ ತಗಡೋ ಒಂದು ಮುಚ್ಚಳ. ಮಕ್ಕಳ ಕಾಲು, ಕೋಳಿಯ ಕಾಲು ಎರಡೂ ಅದರೊಳಗೆ ಹೋಗಬಾರದು. ಪ್ರತಿ ದಿನದ್ದನ್ನು ಹಾಕಿದ ಮೇಲೆ ಅದರ ಎರಡು ಮೂರು ಪಟ್ಟು ಒಣ ವಸ್ತು ಮುಚ್ಚಬೇಕು: ಒಣಗಿದ ಎಲೆ, ಭತ್ತದ ಹೊಟ್ಟು, ತುಂಡರಿಸಿದ ಹುಲ್ಲು. ಚನ್ನಗಿರಿ ಕಡೆಯವರಿಗೆ ಅಡಿಕೆ ಸಿಪ್ಪೆಗೆ ಕೊರತೆಯಿಲ್ಲ. ರಸ್ತೆಯ ಬದಿಯಲ್ಲಿ ಅದನ್ನು ಸುರಿದು ಬೆಂಕಿ ಹಚ್ಚಿ ಊರಿಗೆಲ್ಲ ಹೊಗೆ ಕುಡಿಸುವುದಕ್ಕಿಂತ ಇದು ಮೇಲು. ಸಿಪ್ಪೆ ಕರಗುವುದು ನಿಧಾನ, ಆದರೆ ಈ ಗುಂಡಿಗೆ ಅವಸರವೂ ಇಲ್ಲ. ನೀರೊಲೆಯ ಬೂದಿ ಇದ್ದರೆ ಒಂದು ಹಿಡಿ. ವಾಸನೆ, ನೊಣ ಎರಡೂ ಇಳಿಯುತ್ತವೆ. ಮರಿಗೆ ಎರಡು ವಾರವಾದಾಗಿನಿಂದ ಪಶುವೈದ್ಯರನ್ನು ಕೇಳಿ ಜಂತುಹುಳುವಿನ ಔಷಧಿ ಕೊಡಿಸುತ್ತ ಬಂದರೆ ಗುಂಡಿಗೆ ಹೋಗುವ ತತ್ತಿಗಳೇ ಕಡಿಮೆಯಾಗುತ್ತವೆ. ಹಿಡಿ ಉದ್ದವಾದ ಒಂದು ಸಣ್ಣ ಸಲಿಕೆ ಇದಕ್ಕೇ ಮೀಸಲು. ಅದನ್ನು ಹಿಂಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದರೆ ಮನೆಯ ಯಜಮಾನರಿಗೇ ಎಟುಕುತ್ತದೆ. ಕೆಲಸದವಳು ಬರುವವರೆಗೆ ಕಾಯಬೇಕಾಗಿಲ್ಲ, ಬಂದ ಮೇಲೆ ಆಕೆಗೆ ಹೇಳಬೇಕಾಗಿಯೂ ಇಲ್ಲ.

ಒಂದು ಗುಂಡಿ ತುಂಬಲು ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯುತ್ತದೆ. ತುಂಬಿದಾಗ ಒಂದು ಅಡಿ ಮಣ್ಣು ಹಾಕಿ ಮುಚ್ಚಿ ಎರಡನೆಯದನ್ನು ತೆರೆಯುವುದು. ಮುಚ್ಚಿದ ಗುಂಡಿಯನ್ನು ಅಗೆದು ಹೊರಗೆ ತೆಗೆಯುವ ಆಸೆ ಬೇಡ. ಅದರ ಅಂಚಿನಲ್ಲಿ ಒಂದು ದಾಸವಾಳವನ್ನೋ ಕಣಗಿಲೆಯನ್ನೋ ನೆಟ್ಟರೆ ಬೇರು ತಾನೇ ಇಳಿದು ಹುಡುಕಿಕೊಳ್ಳುತ್ತದೆ. ಗುಂಡಿ ಬದಲಾಯಿಸುವ ದಿನ ಮರೆಯದಂತೆ ದೀಪಾವಳಿಗೇ ಇಟ್ಟುಕೊಳ್ಳಬಹುದು. ತಿಪ್ಪೆಗೆಂದು ಹಚ್ಚಿದ ಹಣತೆಯಲ್ಲಿ ಒಂದನ್ನು, ತಿಪ್ಪೆಯೇ ಇಲ್ಲದ ಮನೆಯಲ್ಲಿ, ಮುಚ್ಚಿದ ಆ ಮಣ್ಣಿನ ಮೇಲೆ ಇಡಲು ಅಡ್ಡಿಯೇನಿಲ್ಲ.